ಎರಡನೆಯ ಹೆಸರು

ಕಡೂರಿನ ಕಾಲೇಜಿನಲ್ಲಿ ನಾನು ವರ್ಷಕ್ಕೊಂದು ಸಲ ಮಾಟಗಾತಿಯರನ್ನು ಸುಡುತ್ತೇನೆ. ಕರಿಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ. ನಾನೂರು ವರ್ಷಗಳ ಹಿಂದೆ ಜರ್ಮನಿಯ ಬಾಂಬರ್ಗ್, ಟ್ರಿಯರ್ ಎಂಬ ಕ್ಯಾಥೊಲಿಕ್ ಸೀಮೆಗಳಲ್ಲಿ, ಬಿಷಪ್ಪನೇ ದೊರೆಯಾಗಿದ್ದ ಕಡೆಗಳಲ್ಲಿ, ಎಷ್ಟೋ ಹೆಂಗಸರನ್ನು ಮಾಟ ಮಾಡಿದರೆಂದು ಹಿಡಿದು ಸುಟ್ಟರು. ಗಂಡಸರನ್ನೂ ಬಿಡಲಿಲ್ಲ. ಯಾಕೆ ಸುಟ್ಟರು ಎನ್ನುವುದು ಎಂಟು ಅಂಕದ ಪ್ರಶ್ನೆ. ಕಾಲವಲ್ಲದ ಕಾಲದಲ್ಲಿ ಹಿಮ ಬಿದ್ದು ದ್ರಾಕ್ಷಿ ಕರಕಾಯಿತು, ದನ ಸತ್ತವು, ಜನ ಕಂಗಾಲಾದರು. ಯಾರನ್ನಾದರೂ ಹಿಡಿಯಿರಿ ಎಂದು ಹಳ್ಳಿಯವರೇ ಸಮಿತಿ ಕಟ್ಟಿಕೊಂಡು ದೊರೆಯ ಮೇಲೆ ಬಿದ್ದರು. ದೊರೆಯೂ ಅವನೇ, ಗುರುವೂ ಅವನೇ, ನ್ಯಾಯ ಹೇಳುವವರೂ ಅವನ ಕಡೆಯವರೇ. ಹೀಗಿರುವಾಗ ಸಿಕ್ಕಿಬಿದ್ದವರಿಗೆ ಅಳುತ್ತ ಹೋಗುವುದಕ್ಕೆ ಹತ್ತಿರದಲ್ಲಿ ಇನ್ನೊಂದು ಬಾಗಿಲಿರಲಿಲ್ಲ. ಸಿಕ್ಕವಳಿಗೆ ಹಿಂಸೆ ಕೊಟ್ಟು, ನಿನ್ನ ಜೊತೆ ಇನ್ನ್ಯಾರಿದ್ದರು ಎಂದು ಕೇಳಿದರು. ನೋವು ತಾಳಲಾರದೆ ಅವಳು ಒಂದು ಹೆಸರು ಹೇಳಿದಳು. ಆ ಹೆಸರಿನವಳು ಇನ್ನೆರಡು ಹೇಳಿದಳು.

ಇಷ್ಟು ಹೇಳಿ ತಿರುಗಿದರೆ ಹಿಂದಿನ ಬೆಂಚಿನಿಂದ ಒಬ್ಬಳು, "ಮಿಸ್, ಇದು ಇಂಪಾರ್ಟೆಂಟಾ?" ಎನ್ನುತ್ತಾಳೆ. ಪ್ರತಿ ವರ್ಷವೂ ಅಂಥವಳೊಬ್ಬಳು ಇದ್ದೇ ಇರುತ್ತಾಳೆ. ಪ್ರತಿ ವರ್ಷವೂ ನನಗೆ ಮೈ ಉರಿಯುತ್ತದೆ.

ಈ ಸಲ ಹಾಗೆ ಮೈ ಉರಿಸಿಕೊಂಡು ಸ್ಟಾಫ್ ರೂಮಿಗೆ ಬಂದಾಗ ತಮ್ಮ ಪ್ರಸನ್ನಕುಮಾರನ ಫೋನು. ಅವನು ಚೌಳಹಿರಿಯೂರಿನ ಆಚೆ ನಮ್ಮೂರಿನಲ್ಲೇ ಇದ್ದಾನೆ, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ.

"ಅಕ್ಕಾ, ಗೌರಿ ಹೋಯ್ತು ಕಣಕ್ಕ," ಎಂದ. ಗಂಡಸು ಗೊಳೋ ಎಂದು ಅತ್ತ. ಗೌರಿ ಅವನ ಎಚ್ಚೆಫ್ ತಳಿಯ ಹಸು. ಮಗಳ ಹಾಗೆ ಸಾಕಿದ್ದ. ಈ ವರ್ಷ ಊರೂರಿಗೆ ಚರ್ಮಗಂಟು ರೋಗ ಬಂದಿತ್ತು. ಮೈತುಂಬ ಗಂಟೆದ್ದು, ಕಾಲು ಬಾತು, ಜ್ವರದಲ್ಲಿ ನಿಂತ ನಿಲುವಿನಲ್ಲೇ ದನಗಳು ಕುಸಿಯುತ್ತಿದ್ದವು. ನಾನೂ ಅತ್ತೆ. ಅಷ್ಟರಲ್ಲಿ ಅವನು ಮೂಗು ಒರೆಸಿಕೊಂಡು, "ಯಾರು ಮಾಡ್ಸಿದ್ದು ಅಂತ ಗೊತ್ತಾಯ್ತು ಬಿಡು. ಭಾನುವಾರ ವೀರಭದ್ರನ ಗುಡಿ ಮುಂದೆ ಆಣೆ ಮಾಡಿಸ್ತೀವಿ, ಆ ವನಜಿ ಕೈಲಿ," ಎಂದ.

ನನ್ನ ಕಣ್ಣೀರು ಅಲ್ಲಿಗೆ ನಿಂತಿತು.

ವನಜಾಕ್ಷಿ ನನ್ನ ಜೊತೆ ಪ್ರೈಮರಿಯಿಂದ ಓದಿದವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಊರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದಳು. ನಮ್ಮೂರಿನಲ್ಲಿ ಹಾಲನ್ನು ಯಾರ ಕಣ್ಣಿಗೂ ಬೀಳಿಸುವುದಿಲ್ಲ. ಕ್ಯಾನಿನ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಒಂದು ಇದ್ದಿಲ ಚೂರು. ದಾರಿಯಲ್ಲಿ ಎದುರಾದವರು ಎಷ್ಟು ಕರೆಯಿತು ಎಂದು ಕೇಳುವ ಹಾಗೂ ಇಲ್ಲ. ಅಷ್ಟೆಲ್ಲ ಮುಚ್ಚಿ ತಂದದ್ದನ್ನು ಡೈರಿಯ ಕಟ್ಟೆಯ ಮೇಲೆ ವನಜಾಕ್ಷಿಯ ಮುಂದೆ ತೆರೆಯಲೇಬೇಕು. ಅವಳು ಬಗ್ಗಿ ನೋಡುತ್ತಾಳೆ, ಲ್ಯಾಕ್ಟೋಮೀಟರ್ ಇಳಿಬಿಡುತ್ತಾಳೆ, ಮೆಷಿನ್ನಿಗೆ ಒಂದಿಷ್ಟು ಹಾಕಿ ಫ್ಯಾಟು ಹೇಳುತ್ತಾಳೆ. ಇಡೀ ಊರಿನ ಹಾಲು ನೋಡುವ ಕಣ್ಣು ಅದೊಂದೇ. ರೋಗ ಬಂದು ಹಾಲು ಇಳಿದಾಗ ಜನ ಆ ಕಣ್ಣನ್ನೇ ಹಿಡಿದುಕೊಂಡಿದ್ದರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಊರು ಸೇರಿದೆ. ಕೊಟ್ಟಿಗೆಯಲ್ಲಿ ಗೌರಿಯ ಹಗ್ಗ ಹಾಗೇ ಗೂಟದಲ್ಲಿತ್ತು. ಪ್ರಸನ್ನ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಡಾಕ್ಟ್ರು ಏನು ಅಂದ್ರು?" ಎಂದೆ.

"ವೈರಸ್ ಅಂದ್ರು. ನೊಣ ಕಚ್ಚಿ ಬರ್ತದಂತೆ."

"ಮತ್ತೆ?"

"ನೊಣ ಎಲ್ರ ಮನೇಲೂ ಐತಲ್ಲಕ್ಕ. ಪಕ್ಕದ ಮನೆ ಹಸು ಎದ್ ನಿಂತು ಮೇವು ತಿಂತೈತೆ. ನಂದೇ ಯಾಕೆ ಹೋಯ್ತು? ಅದುಕ್ಕೆ ಡಾಕ್ಟ್ರು ಏನೂ ಹೇಳ್ಲಿಲ್ಲ." ಹಗ್ಗದ ತುದಿ ಹಿಡಿದು ಮುಂದುವರಿಸಿದ: "ಗೌರಿಗೆ ಗಂಟು ಏಳೋಕೆ ಮುಂಚೇನೇ ವನಜಿ ನಂಗೆ ಹೇಳಿದ್ಲು. 'ನಿನ್ನ ಹಸಿನ ಹಾಲು ಯಾಕೋ ಸರಿ ಇಲ್ಲ ಕಣೋ ಪ್ರಸನ್ನ, ಹುಷಾರಾಗಿ ನೋಡ್ಕೋ' ಅಂತ. ಮೈ ಮೇಲೆ ಒಂದು ಗಂಟಿಲ್ಲ, ಅವಳಿಗೆ ಹೆಂಗ್ ಗೊತ್ತಾಯ್ತು?"

"ಜ್ವರ ಬಂದ್ರೆ ಮೊದಲು ಹಾಲು ಕೆಡ್ತದೆ ಕಣೋ, ಆಮೇಲೆ ಗಂಟು ಏಳ್ತದೆ. ಅವಳು ನೋಡಿ ಒಳ್ಳೇದಕ್ಕೆ ಹೇಳಿದಾಳೆ. ನೀನು ಆವತ್ತೇ ಡಾಕ್ಟ್ರನ್ನ ಕರೀಬೇಕಿತ್ತು."

ಹೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅವನ ಮುಖ ಕಪ್ಪಿಟ್ಟಿತು. ಹಸು ಸತ್ತದ್ದು ತನ್ನ ಉದಾಸೀನದಿಂದ ಎಂದು ಒಪ್ಪಿಕೊಳ್ಳುವುದಕ್ಕಿಂತ ವನಜಾಕ್ಷಿಯ ಕಣ್ಣಿನಿಂದ ಎನ್ನುವುದು ಅವನಿಗೆ ಹಗುರವಾಗಿತ್ತು. ಅದನ್ನು ನಾನು ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೆ! ಆದರೆ ಕೊಟ್ಟಿಗೆಯಲ್ಲಿ ತಮ್ಮನ ಎದುರು ನಿಂತು ಹೇಳಲು ಬಾಯಿ ಬರಲಿಲ್ಲ.

ಅಲ್ಲಿಂದ ನೇರ ವಿಶ್ವಾರಾಧ್ಯ ಮಾವನ ಮನೆಗೆ ಹೋದೆ. ರಕ್ತ ಸಂಬಂಧವೇನಿಲ್ಲ, ಊರ ವರಸೆಯಲ್ಲಿ ಮಾವ. ಡೈರಿಗೂ ಅವರೇ ಅಧ್ಯಕ್ಷರು, ವೀರಭದ್ರನ ಗುಡಿಗೂ ಅವರೇ ಧರ್ಮದರ್ಶಿ. ಜಗಲಿಯ ಮೇಲೆ ಅವರ ತಾಯಿ ಮಲ್ಲಿಕಾಂಬಜ್ಜಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಮ್ಮ ಬಾಲ್ಯದಲ್ಲಿ ಬೆಣ್ಣೆ ಕಾಯಿಸುವ ದಿನ ಊರ ಮಕ್ಕಳನ್ನೆಲ್ಲ ಕರೆದು ಅಂಗೈಗೆ ತುಪ್ಪದ ಗಸಿ ಹಾಕುತ್ತಿದ್ದ ಅಜ್ಜಿ. ಕರು ಕಂಡರೂ ಹೊಗಳಬೇಕು, ಕೂಸು ಕಂಡರೂ ಹೊಗಳಬೇಕು, ಹೊಸ ಸೀರೆ ಕಂಡರಂತೂ ಸೆರಗು ಹಿಡಿದೇ ಹೊಗಳಬೇಕು.

"ಬಂದ್ಯಾ ಮಗ? ಬಾ ಬಾ. ಎಷ್ಟು ಚೆಂದ ಕಾಣ್ತಿದೀಯ. ಮಕ್ಳು ಚೆನ್ನಾಗವ್ರಾ? ದೊಡ್ಡೋಳಿಗೆ ಕೂದ್ಲು ಎಷ್ಟುದ್ದ ಬಂತು?" ಎಂದರು. ಆಮೇಲೆ ಒಳಗಿನ ಮಗನಿಗೆ ಕೇಳಿಸುವ ಹಾಗೆ ಜೋರಾಗಿ, "ಇವರಿಗೆಲ್ಲ ತಲೆ ಕೆಟ್ಟೈತೆ ಕಣವ್ವ. ವನಜಿ ಸುಳ್ಳು ಹೇಳೋಳಲ್ಲ, ಕೇಡು ಬಗೆಯೋಳಲ್ಲ. ಅಧ್ಯಕ್ಷನ ಮನೆ ಹಾಲು ಅಂತ್ಲೂ ನೋಡ್ದೆ ನೀರೈತೆ ಅಂತ ವಾಪಸ್ ಕಳ್ಸಿದ್ಲು. ಯಾರೂ ಅವಳ ಕೈಗೆ ಕ್ಯಾನ್ ಕೊಡ್ತಿಲ್ಲ ಈಗ. ನಾನೇ ಹೊತ್ಕೊಂಡ್ ಹೋಗ್ತೀನಿ, ಮುಚ್ಚಳ ತೆಗೆದು 'ನೋಡೇ, ಕಣ್ ತುಂಬ ನೋಡು' ಅಂತೀನಿ," ಎಂದರು.

ಮಾವ ಹೊರಗೆ ಬಂದು ನನ್ನನ್ನು ಕೂರಿಸಿ ಕಾಫಿ ತರಿಸಿದರು. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು.

"ನಾನು ಇದನ್ನೆಲ್ಲ ನಂಬಲ್ಲ ಕಣಮ್ಮ. ನಾನೂ ಬಿ.ಎಸ್ಸಿ. ಓದ್ದೋನೇ," ಎಂದರು.

"ಹಾಗಾದ್ರೆ ನಿಲ್ಲಿಸಿ ಮಾವ."

"ಜನ ಕೇಳ್ತಾರಲ್ಲ. ಇಷ್ಟೊಂದು ದನ ಹೋಗ್ಯಾವೆ. ಒಂದು ಆಣೆ ಆಗ್ಬಿಟ್ರೆ ಎಲ್ರ ಮನಸ್ಸು ತಣ್ಣಗಾಗ್ತದೆ. ಕರ್ಪೂರ ಮುಟ್ಟಿ, ನಾನು ಮಾಡಿಲ್ಲ ಅಂದ್ರೆ ಮುಗೀತು. ಅವಳಿಗೇ ಒಳ್ಳೇದು."

"ಮಾಡಲ್ಲ ಅಂದ್ರೆ?"

ಮಾವ ಲೋಟ ಕೆಳಗಿಟ್ಟರು. "ಡೈರಿಲಿ ಇಟ್ಕಳಕ್ಕಾಗಲ್ಲ. ಊರಲ್ಲಿ ನೀರು ನೆರಳು ಸಿಗೋದೂ ಕಷ್ಟ ಆಗ್ತದೆ."

ನಂಬುವವರ ಮೇಲೆ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ನಂಬದೆ, ಕಾಫಿ ಕುಡಿಯುತ್ತ, ಅವಳಿಗೇ ಒಳ್ಳೆಯದು ಎನ್ನುವ ಈ ಮನುಷ್ಯನನ್ನು ಹಿಡಿದು ಅಲುಗಾಡಿಸಬೇಕು ಅನಿಸಿತು. ಬೀದಿಗೆ ಬಂದು ಪೊಲೀಸ್ ಠಾಣೆಗೆ ಫೋನು ಮಾಡಿದೆ. ಮಾಟದ ಹೆಸರಿನಲ್ಲಿ ಹಿಂಸೆ ಕೊಡುವುದರ ವಿರುದ್ಧ ಕಾನೂನೇ ಇದೆ ಎಂದು ಪಾಠದ ಧಾಟಿಯಲ್ಲೇ ಒಪ್ಪಿಸಿದೆ. ಆ ಕಡೆಯ ದನಿ ಸಮಾಧಾನದಿಂದ, "ಹೊಡೆದ್ರಾ ಮೇಡಂ? ಬೆತ್ತಲೆ ಗಿತ್ತಲೆ ಮಾಡಿದ್ರಾ? ಇಲ್ಲ ತಾನೆ? ದೇವರ ಮುಂದೆ ಆಣೆ ಮಾಡೋಕೆ ನಾವೇನು ಮಾಡಾಣ? ಏನಾದ್ರೂ ಆದ್ರೆ ಅವರೇ ಬಂದು ಕಂಪ್ಲೇಂಟ್ ಕೊಡ್ಲಿ," ಎಂದಿತು. ಆದ ಮೇಲೆ ಬರಬೇಕಂತೆ.

ಸಂಜೆ ವನಜಾಕ್ಷಿಯ ಮನೆಗೆ ಹೋದೆ. ಅವಳು ಅಂಗಳದಲ್ಲಿ ಡೈರಿಯ ಸ್ಯಾಂಪಲ್ ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ಯಾರೂ ಹಾಲು ಕೊಡದಿದ್ದರೂ ತೊಳೆಯುತ್ತಿದ್ದಳು.

"ಆಣೆ ಮಾಡೋಕೆ ನಂಗೇನ್ ಭಯಾನೇ ಸುಮನಾ? ಮಾಡ್ದೋಳಿಗೆ ಭಯ. ಬೆಳಿಗ್ಗೆ ಹೋಗಿ ಮುಟ್ಟಿ ಬತ್ತೀನಿ, ಮುಗೀತದೆ," ಎಂದಳು.

"ಮುಗಿಯಲ್ಲ ಕಣೇ," ಎಂದೆ.

ಅಲ್ಲೇ ಕಲ್ಲಿನ ಮೇಲೆ ಕೂತು ಹೇಳತೊಡಗಿದೆ. ಆ ಸೀಮೆಗಳಲ್ಲಿ ಅತ್ತರೆ ನಾಟಕ ಎಂದರು, ಅಳದಿದ್ದರೆ ಮಾಟಗಾತಿಗೆ ಕಣ್ಣೀರು ಬರುವುದಿಲ್ಲ ಎಂದರು. ದೇವರ ಹೆಸರು ಹೇಳಿದರೆ ಎಂಥ ಗಟ್ಟಿಗಿತ್ತಿ ನೋಡು ಎಂದರು, ಹೇಳದಿದ್ದರೆ ಸಿಕ್ಕಿಬಿದ್ದಳು ಎಂದರು. ಪ್ರಶ್ನೆ ಒಂದು ಸಲ ಹುಟ್ಟಿದರೆ ಯಾವ ಉತ್ತರವೂ ಅದನ್ನು ಕೊಲ್ಲುವುದಿಲ್ಲ. ಮೊದಲು ನೀನು ಮಾಡಿದೆಯಾ ಎನ್ನುತ್ತಾರೆ, ಆಮೇಲೆ ನಿನಗೆ ಯಾರು ಕಲಿಸಿದರು ಎನ್ನುತ್ತಾರೆ.

ವನಜಾಕ್ಷಿ ಬಾಟಲಿ ಕೈಯಲ್ಲೇ ಹಿಡಿದು ಕೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಇಷ್ಟು ವರ್ಷದಲ್ಲಿ ನನ್ನ ಪಾಠವನ್ನು ಅಷ್ಟು ಚೆನ್ನಾಗಿ ಕೇಳಿದವರು ಯಾರೂ ಇರಲಿಲ್ಲ. ನನಗೆ ಹುರುಪು ಬಂದಿತ್ತು.

"ಮತ್ತೆ ಅದು ಹೆಂಗೆ ನಿಂತೋಯ್ತು?" ಎಂದು ಕೇಳಿದಳು. ನನ್ನ ವಿದ್ಯಾರ್ಥಿಗಳು ಯಾರೂ ಕೇಳದ ಪ್ರಶ್ನೆ.

"ಬೇಕಾದಷ್ಟು ಕಾರಣ ಇದಾವೆ. ಬಾಂಬರ್ಗಿನಂಥ ಕಡೆ ಒಬ್ಬರಿಂದ ಒಬ್ಬರಿಗೆ ಹೆಸರು ಹಬ್ತಾ ಹಬ್ತಾ ದೊಡ್ಡವರ ಮನೆ ಬಾಗಿಲಿಗೇ ಬಂದ್ಬಿಡ್ತು. ಊರಿನ ಮೇಯರನ್ನೇ ಸುಟ್ರು. ವಿಚಾರಣೆ ಮಾಡೋರ ಹೆಂಡತಿ ಮಕ್ಕಳ ಹೆಸರು ಬರೋಕೆ ಶುರುವಾದಾಗ ಅವರಿಗೆ ಅನುಮಾನ ಹುಟ್ತು, ಈ ಕೇಳೋ ರೀತೀಲೇ ಏನೋ ತಪ್ಪಿದೆ ಅಂತ. ಬಡವರ ಮನೆ ಹೆಂಗಸ್ರನ್ನ ಸುಡುವಾಗ ಹುಟ್ಟದ ಅನುಮಾನ!" ಎಂದು ನಕ್ಕೆ.

ಅವಳು ನಗಲಿಲ್ಲ. ಬಾಟಲಿಗಳನ್ನು ಒಂದೊಂದಾಗಿ ಬೋರಲು ಹಾಕಿದಳು.

ಬೆಳಿಗ್ಗೆ ಗುಡಿಯ ಮುಂದೆ ಊರೆಲ್ಲ ಸೇರಿತ್ತು. ಯಾರ ಮುಖದಲ್ಲೂ ಕ್ರೌರ್ಯ ಕಾಣಲಿಲ್ಲ. ನಿದ್ದೆ ಕೆಟ್ಟವರ, ದನ ಕಳೆದುಕೊಂಡವರ ಮುಖಗಳು. ಮಲ್ಲಿಕಾಂಬಜ್ಜಿಯೂ ಕಂಬಕ್ಕೊರಗಿ ಕೂತಿದ್ದರು. ವನಜಿಯ ಕಡೆಯವರು ಯಾರಾದರೂ ಇರಲಿ ಎಂದು ಬಂದಿದ್ದರಂತೆ. ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ವನಜಾಕ್ಷಿ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲೇ ಬಂದಿದ್ದಳು. ಹಣೆಯಲ್ಲಿ ವಿಭೂತಿ. ಉರಿಯ ಮೇಲೆ ಕೈಯಿಟ್ಟು, "ಯಾರ ದನಕ್ಕೂ ನಾನು ಕೇಡು ಬಯಸಿಲ್ಲ ನನ್ನಪ್ಪಾ ವೀರಭದ್ರ," ಎಂದಳು. ಗಾಳಿ ಬೀಸಿ ಕರ್ಪೂರ ಆರಿತು.

"ಆರೋಯ್ತಲ್ಲ!" ಎಂದರು ಯಾರೋ.

"ಗಾಳಿ ಕಣ್ರೀ, ಗಾಳಿ!" ಎಂದು ನಾನು ಕೂಗಿದೆ. ಓದಿದವರು ಸುಮ್ಮನಿರಿ ಎಂದು ನನ್ನ ತಮ್ಮನೇ ನನ್ನನ್ನು ಗದರಿಸಿದ. ಇನ್ನೊಮ್ಮೆ ಹಚ್ಚಿದರು, ಇನ್ನೊಮ್ಮೆ ಮುಟ್ಟಿಸಿದರು. ಈ ಸಲ ಆರಲಿಲ್ಲ. ಅದಕ್ಕೂ ಒಬ್ಬ, "ಕೈ ಸುಟ್ರೂ ಅಯ್ಯೋ ಅನ್ಲಿಲ್ಲ ನೋಡು, ಎಂಥ ಗಟ್ಟಿ ಜೀವ," ಎಂದ.

ಆಮೇಲೆ ಪ್ರಸನ್ನ ಮುಂದೆ ಬಂದ. "ಆಣೆ ಗೀಣೆ ಇರ್ಲಿ. ಗೌರಿ ಸಾಯ್ತದೆ ಅಂತ ನಿಂಗೆ ಮೊದ್ಲೇ ಹೆಂಗ್ ಗೊತ್ತಾಯ್ತು? ಯಾರು ಹೇಳ್ಕೊಟ್ರು? ಅದುನ್ನ ಬೊಗಳು."

ವನಜಾಕ್ಷಿ ನನ್ನ ಕಡೆ ನೋಡಿದಳು. ಒಂದು ಗಳಿಗೆ ಅಷ್ಟೆ. ಆಮೇಲೆ ಧರ್ಮದರ್ಶಿ ಮಾವ ನಿಂತಿದ್ದ ಕಡೆ ತಿರುಗಿ, ಡೈರಿಯಲ್ಲಿ ಫ್ಯಾಟು ಹೇಳುವ ಅದೇ ದನಿಯಲ್ಲಿ, "ಮಲ್ಲಿಕಾಂಬಜ್ಜಿ," ಎಂದಳು.

ಎಲ್ಲರ ತಲೆಯೂ ಕಂಬದ ಕಡೆ ತಿರುಗಿತು.

"ಅಜ್ಜಿಗೇ ಗೊತ್ತು ಎಲ್ಲ. ದಿನಾ ಡೈರಿಗೆ ಬಂದು ಎಲ್ರ ದನಾನೂ ವಿಚಾರಿಸ್ತಿದ್ರು, ಹೊಗಳ್ತಿದ್ರು. ಅವರನ್ನೂ ಕರೀರಿ. ಅವರ ಕೈಲೂ ಕರ್ಪೂರ ಮುಟ್ಟಿಸಿ."

ವಿಶ್ವಾರಾಧ್ಯ ಮಾವನ ಮುಖ ಕೆಂಪಾಗಿ, ಬಿಳಿಚಿಕೊಂಡು, ಮತ್ತೆ ಕೆಂಪಾಯಿತು. ತಟ್ಟೆಯನ್ನು ಕಾಲಿನಿಂದ ಒದ್ದರು. "ಸಾಕು ನಿಲ್ಸ್ರೋ! ಮನುಷ್ಯರೇನ್ರೋ ನೀವು? ರೋಗ ಅದು, ವೈರಸ್ಸು! ಡಾಕ್ಟ್ರು ಬಾಯಿ ಬಡ್ಕಂಡಿಲ್ವಾ? ನೊಣದಿಂದ ಬರ್ತದೆ. ಎಲ್ಲ ಮನೆಗೆ ನಡೀರಿ. ಇನ್ನೊಂದ್ಸಲ ಯಾರಾದ್ರೂ ಮಾಟ ಅಂದ್ರೆ ನಾನೇ ಪೊಲೀಸ್ರನ್ನ ಕರೆಸ್ತೀನಿ. ವನಜಾ, ನಾಳೆಯಿಂದ ಕೆಲಸಕ್ಕೆ ಬಾರಮ್ಮ."

ಅಷ್ಟು ಹೊತ್ತಿನ ತನಕ ಎಲ್ಲಿತ್ತೋ ಆ ವೈರಸ್ಸು! ಜನ ಚಪ್ಪಲಿ ಹುಡುಕಿಕೊಂಡು ಚದುರಿದರು. ನನಗೆ ಕುಣಿಯಬೇಕು ಅನಿಸಿತು. ನಾನೂರು ವರ್ಷದ ಹಳೆಯ ಪಾಠ ನನ್ನೂರಿನ ಗುಡಿಯ ಮುಂದೆ ಕಣ್ಣೆದುರೇ ಕೆಲಸ ಮಾಡಿತ್ತು. ವನಜಾಕ್ಷಿಯ ಭುಜ ಹಿಡಿದು, "ಗೆದ್ದೆ ಕಣೇ!" ಎಂದೆ. ಅವಳು ಗಡಗಡ ನಡುಗುತ್ತಿದ್ದಳು, ಒದ್ದೆ ಸೀರೆಗೋ ಏನೋ. ಕಂಬದ ಹತ್ತಿರ ಅಜ್ಜಿ ಇರಲಿಲ್ಲ. ಸೊಸೆ ನಯನ, ಮಾವನ ಹೆಂಡತಿ, ಕೈ ಹಿಡಿದು ಕರೆದುಕೊಂಡು ಹೋಗಿದ್ದಳು. ನಾನು ಆ ಕಡೆ ಗಮನ ಕೊಡಲಿಲ್ಲ.

ಕಡೂರಿಗೆ ಬಂದು ಆ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದೆನೋ. ಪ್ರತಿ ಸಲ ಎಲ್ಲರೂ ಭೇಷ್ ಎಂದರು.

ಶಿವರಾತ್ರಿಯ ಹೊತ್ತಿಗೆ ಮತ್ತೆ ಊರಿಗೆ ಹೋದೆ. ಎಲ್ಲ ದನಗಳಿಗೂ ಲಸಿಕೆ ಆಗಿತ್ತು, ರೋಗ ಇಳಿದಿತ್ತು. ಡೈರಿಯಲ್ಲಿ ಮೊದಲಿನ ಹಾಗೇ ಸಾಲು, ಕಟ್ಟೆಯ ಹಿಂದೆ ವನಜಾಕ್ಷಿ. ಪ್ರಸನ್ನನೂ ಸಾಲಿನಲ್ಲಿ ನಿಂತು ಅವಳ ಮುಂದೆ ಮುಚ್ಚಳ ತೆಗೆದ. ಅವಳು ಯಾರ ಮುಖವನ್ನೂ ನೋಡದೆ ಫ್ಯಾಟು ಹೇಳುತ್ತಿದ್ದಳು, ಅದರ ಮೇಲೆ ಒಂದು ಮಾತಿಲ್ಲ. ಸಾಲು ಕರಗಿದ ಮೇಲೆ ನಾನು, "ಅಜ್ಜಿ ಬರಲಿಲ್ವಾ?" ಎಂದೆ.

"ಬರಲ್ಲ," ಎಂದಳು. ಲ್ಯಾಕ್ಟೋಮೀಟರ್ ಒರೆಸುತ್ತ, "ನೀನೇ ಹೇಳಿದ್ದಲ್ವೇನೇ, ದೊಡ್ಡವರ ಮನೆ ಹೆಸರು ಬಂದ್ರೆ ನಿಂತೋಗ್ತದೆ ಅಂತ. ನಿಂತೋಯ್ತು. ನಾನು ಉಳ್ಕೊಂಡೆ," ಎಂದಳು. ಅದನ್ನು ಡಬ್ಬಿಗೆ ಹಾಕಿ, "ಅಜ್ಜಿ ಕಾಲು ಹಿಡಿಯಾಣ ಅಂತ ಹೋಗಿದ್ದೆ. ನಯನಕ್ಕ ಒಳಗೆ ಬಿಡ್ಲಿಲ್ಲ. ನೀನು ಓದ್ದೋಳು, ನೀನಾದ್ರೂ ಹೋಗಿ ಹೇಳು," ಎಂದಳು.

ಹೋದೆ. ಜಗಲಿ ಖಾಲಿಯಿತ್ತು. ನಯನ ನಗುಮುಖದಿಂದಲೇ ಮಾತಾಡಿಸಿದಳು. ಅಜ್ಜಿ ಎಲ್ಲಿ ಎಂದರೆ, "ಹಿತ್ಲು ಕೋಣೇಲಿ ಇದಾರೆ ಕಣಮ್ಮ. ನಾವೇನು ನಂಬ್ತೀವಾ? ಆದ್ರೂ ಮನೇಲಿ ಸಣ್ಣ ಕೂಸೈತೆ, ಕರು ಹಾಕಿರೋ ಹಸ ಐತೆ. ಸುಮ್ನೆ ಯಾಕೆ ಅಂತ," ಎಂದಳು. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ಗುಡಿಯ ಮುಂದೆ ತಟ್ಟೆ ಒದ್ದ ಮನುಷ್ಯ, ಮನೆಯೊಳಗೆ ಹೆಂಡತಿಯ 'ಸುಮ್ನೆ ಯಾಕೆ'ಗೆ ಎದುರಾಡಲಾರದೆ ಕೂತಿದ್ದರು. ನನಗೆ ಮತ್ತೆ ಮೈ ಉರಿಯಿತು, ಆದರೆ ಯಾರ ಮೇಲೆ ಎಂದು ಈ ಸಲ ಅಷ್ಟು ಖಚಿತವಿರಲಿಲ್ಲ.

ಹಿತ್ತಿಲ ಕೋಣೆಯಲ್ಲಿ ಅಜ್ಜಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಸೆರಗನ್ನು ಹಣೆ ದಾಟಿಸಿ ಕಣ್ಣಿನ ಕೆಳಗಿನ ತನಕ ಎಳೆದುಕೊಂಡಿದ್ದರು. ಹೆಜ್ಜೆಯ ಸದ್ದಿಗೆ, "ಯಾರು?" ಎಂದರು.

"ನಾನು ಅಜ್ಜಿ, ಸುಮನಾ. ಸೆರಗು ತೆಗೀರಿ."

"ಬ್ಯಾಡ ಮಗ. ಇರ್ಲಿ."

"ನೀವೂ ಇದನ್ನೆಲ್ಲ ನಂಬ್ತೀರಾ ಅಜ್ಜಿ?"

"ಮೊದ್ಲು ನಂಗೂ ಸಿಟ್ಟು ಬಂತು. ಆಮೇಲೆ ಕೂತ್ಕಂಡು ಯೋಚ್ನೆ ಮಾಡ್ದೆ. ಪ್ರಸನ್ನನ ಗೌರಿ ಕೆಚ್ಚಲು ನೋಡಿ, ಏನ್ ಚೆಂದ ಐತೋ ಅಂದಿದ್ದು ನಾನೇ ಅಲ್ವಾ? ನಾನು ಹೊಗಳಿದ ಕರ ಎಷ್ಟು ಹೋದ್ವೋ. ವನಜಿ ನೋಡಿ ಹೇಳೋಳು ಕಣವ್ವ. ನನ್ನ ಮಗನ ಹಾಲಿಗೇ ನೀರೈತೆ ಅಂದೋಳು. ಅವಳು ಸುಳ್ಳು ಹೇಳಲ್ಲ."

"ಹೇಳಿದ್ಲು ಅಜ್ಜಿ! ಅವಳು ಹೇಳಿದ್ದು ಶುದ್ಧ ಸುಳ್ಳು. ಅದನ್ನ ಅವಳ ತಲೆಗೆ ತುಂಬಿದೋಳೇ ನಾನು. ದೂರದ ಯಾವ್ದೋ ದೇಶದ ಕಥೆ ಹೇಳಿ..." ಬಾಂಬರ್ಗಿನ ಬಿಷಪ್ಪನ ಕಥೆಯನ್ನು ಈ ಕೋಣೆಯಲ್ಲಿ ಎಲ್ಲಿಂದ ಶುರು ಮಾಡಲಿ? ಆದರೂ ಮಾಡಿದೆ. ಹಿಮ ಬಿದ್ದದ್ದು, ಸಮಿತಿ, ಹೆಸರುಗಳು, ಎಲ್ಲ. ಅಜ್ಜಿ ಕೊನೆಯ ತನಕ ಕೇಳಿದರು. ಆಮೇಲೆ ಕೈ ಚಾಚಿ ತಡವಿ ನನ್ನ ಅಂಗೈ ಹಿಡಿದುಕೊಂಡರು.

"ನಿಂದು ದೊಡ್ಡ ಮನಸ್ಸು ಮಗ. ಈ ಮುದುಕಿಗೆ ನೋವಾಗ್ಬಾರ್ದು ಅಂತ ನಿನ್ ಮೇಲೇ ಹಾಕ್ಕೊಂತೀಯ," ಎಂದರು.

ನಾನು ಕಿರುಚಬೇಕಿತ್ತು. ಅವರ ಕೈ ಬೆಚ್ಚಗಿತ್ತು, ತುಪ್ಪದ ಗಸಿ ಹಾಕುತ್ತಿದ್ದ ಕೈ. ಆ ಕೈ ಹಿಡಿದೇ ಕೂತೆ. ಹೊರಗೆ ಕೂಸು ಗೆಜ್ಜೆ ಕಟ್ಟಿಕೊಂಡು ಓಡಾಡುತ್ತಿತ್ತು. ಸದ್ದು ಬಾಗಿಲ ಹತ್ತಿರ ಬಂದಾಗಲೆಲ್ಲ ಅಜ್ಜಿ ಮುಖವನ್ನು ಇನ್ನಷ್ಟು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು.

ನಾನು ಎದ್ದಾಗ ಅಭ್ಯಾಸದ ಬಲದಿಂದ ಅವರು, "ಮಕ್ಳು ಚೆನ್ನಾಗವ್ರಾ? ದೊಡ್ಡೋಳ ಕೂದ್ಲು..." ಎಂದು ಶುರು ಮಾಡಿ, ತಟ್ಟನೆ ನನ್ನ ಕೈ ಬಿಟ್ಟರು.

"ಬ್ಯಾಡ ಮಗ," ಎಂದರು. "ನಂಗೆ ಹೇಳ್ಬ್ಯಾಡ."